ನಾರಂಗಿ ಗಾಜಿನ ಭೀಮಬಾಯಿ

ಕುಂಚಾವರಂ
12 ಜುಲೈ 1979

ಮಲಂಗ್ ಭಾಯ್,

ಕ್ಷೇಮ ಎಂದು ಬರೆಯುವ ಜಾಗವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ. ನನ್ನ ತಂಗಿ ಭೀಮಬಾಯಿ ನಿಮ್ಮ ವಾಡಿ ಜಂಕ್ಷನ್ನಿನಲ್ಲಿ ಕಳೆದುಹೋಗಿದ್ದಾಳೆ.

ಆಕೆಗೆ ಕಿವಿ ಕೇಳದು, ಮಾತು ಬಾರದು ಎಂಬುದು ನಿನಗೆ ಗೊತ್ತೇ ಇದೆ. ಓದುಬರಹವಂತೂ ಇಲ್ಲ. ಕಿವಿ ತೋರಿಸಲೆಂದು ಗುಲ್ಬರ್ಗಾದ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ತಿರುಗಿ ಬರುವಾಗ ವಾಡಿಯಲ್ಲಿ ಇಳಿದು ಸೇಡಂ ಗಾಡಿಗೆ ಕಾಯುತ್ತಿದ್ದೆವು. ನಾನು ಚಹಾ ತರಲು ಹೋದೆ. ಬಂದು ನೋಡಿದರೆ ಬೆಂಚಿನ ಮೇಲೆ ಚೀಲವಿತ್ತು, ಆಕೆ ಇರಲಿಲ್ಲ. ಎರಡು ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಿದೆ. ಕೂಗಿದರೆ ಕೇಳುವವಳಲ್ಲ. ಆದರೂ ಕೂಗಿದೆ.

ನಿನ್ನ ಸ್ಟುಡಿಯೋಕ್ಕೆ ಬಂದರೆ ಬೀಗ. ಫೋಟೋ ಪೇಪರು ತರಲು ಹೈದರಾಬಾದಿಗೆ ಹೋಗಿದ್ದೀ ಎಂದರು. ರೈಲ್ವೆ ಪೊಲೀಸರು ಫೋಟೋ ಕೊಡಿ ಎಂದರು. ನನ್ನ ಹತ್ತಿರ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನೀನು ತೆಗೆದದ್ದೊಂದೇ ಆಕೆಯ ಫೋಟೋ. ಅದರ ನೆಗೆಟಿವ್ ನಿನ್ನ ಚಹಾ ಡಬ್ಬಿಗಳಲ್ಲಿ ಎಲ್ಲಾದರೂ ಇರಬೇಕು. ಪ್ರತಿ ತೆಗೆದು ವಾಡಿ, ಚಿತ್ತಾಪುರ, ಸೇಡಂ, ಶಹಾಬಾದ್ ಸ್ಟೇಷನ್ನುಗಳಲ್ಲಿ ಅಂಟಿಸು. ನಾನೇ ಬರಬೇಕಾದವನು. ಆದರೆ ಈ ಶಾಲೆಯಲ್ಲಿ ಪಾಠ ಹೇಳುವವನೂ ನಾನೇ, ಗಂಟೆ ಹೊಡೆಯುವವನೂ ನಾನೇ. ಊರು ಸೇರಿದ ಮರುದಿನದಿಂದ ಮಳೆ ನಿಲ್ಲದು, ಹಳ್ಳ ಇಳಿಯದು, ಬಸ್ಸು ಸುಳಿಯದು. ನೋಡು, ಇಂಥ ಹೊತ್ತಿನಲ್ಲೂ ಪ್ರಾಸ ನನ್ನನ್ನು ಬಿಡದು. ಬೈಯಬೇಡ. ಹಿಡಿದುಕೊಳ್ಳಲು ಸದ್ಯ ಬೇರೇನೂ ಇಲ್ಲ.

ನಿನ್ನ
ಗೊಲ್ಲಾಳಪ್ಪ


ವಾಡಿ
20 ಜುಲೈ 1979

ಗೊಲ್ಲಾಳಪ್ಪಾ,

ನೆಗೆಟಿವ್ ಸಿಕ್ಕಿತು. ಪ್ರತಿ ಮಾಡಿ ನಾಲ್ಕೂ ಸ್ಟೇಷನ್ನುಗಳಲ್ಲಿ ಅಂಟಿಸಿ ಬಂದಿದ್ದೇನೆ. ಕೆಳಗೆ ಹೆಸರು, ಊರು, ‘ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ’ ಎಂದು ಬರೆಸಿದ್ದೇನೆ. ಜನ ನಿಂತು ನೋಡುತ್ತಾರೆ. ನಿಂತು ನೋಡುವುದೇ ತೊಂದರೆಯಾಗಿದೆ. ಚಿತ್ತಾಪುರದಲ್ಲಿ ಕಾಲೇಜು ಹುಡುಗರು ಒಂದು ಪ್ರತಿಯನ್ನು ಕಿತ್ತುಕೊಂಡೇ ಹೋದರಂತೆ, ಕಿಸೆಯಲ್ಲಿಟ್ಟುಕೊಳ್ಳಲು.

ಅಂದು ನಿನಗೆ ಎರಡು ಕಪ್ಪು ಚಹಾ ಕೊಟ್ಟ ಲಾಲಪ್ಪನನ್ನು ಹಿಡಿದು ಫೋಟೋ ತೋರಿಸಿದೆ. ಅವನು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದ. “ಇಂಥಾಕಿ ನಮ್ಮ ವಾಡಿ ಸ್ಟೇಷನ್ನಿಗಿ ಇಳದಿದ್ರ ನಾ ಮರೀತಿದ್ನೇನ್ರಿ ಭಾಯ್? ಅಂದು ಆ ಬೆಂಚಿನ ಮ್ಯಾಲ ಒಬ್ಬಾಕಿ ಕುಂತಿದ್ಳು ಖರೆ. ಆದ್ರ ಈಕಿ ಅಲ್ಲ ಬಿಡ್ರಿ” ಎಂದ.

ಅಂದರೆ ಅವನು ನಿನ್ನ ತಂಗಿಯನ್ನು ನೋಡಿದ್ದಾನೆ. ನನ್ನ ಫೋಟೋವನ್ನೂ ನೋಡಿದ. ಎರಡನ್ನೂ ಜೋಡಿಸಲು ಅವನಿಂದ ಆಗಲಿಲ್ಲ.

ಈ ಫೋಟೋ ಹೇಗೆ ತೆಗೆದೆವು ಎಂಬುದು ನಿನಗೂ ನೆನಪಿರಬೇಕು. ‘ಮಲಂಗ್, ನೋಡಿದವರು ಹೂಂ ಅನ್ನಬೇಕು’ ಎಂದಿದ್ದೆ ನೀನು. ನಾನು ಉದ್ದ ಲೆನ್ಸು ಹಾಕಿ ದೂರ ನಿಂತೆ, ಮೂಗು ತಿದ್ದಿದಂತಾಯಿತು. ಲೆನ್ಸಿನ ಮುಂದೆ ಕಿತ್ತಳೆ ಬಣ್ಣದ ನಾರಂಗಿ ಗಾಜು ಹಾಕಿದೆ, ಬಣ್ಣ ಬೆಳ್ಳಗಾಯಿತು, ಹುಬ್ಬಿನ ಗಾಯದ ಕೆಂಪು ಹೋಯಿತು. ಅದರ ಮೇಲೆ ನಮ್ಮ ಮನೆಯಾಕೆ ಇಮಾಮ್ಬೀಯ ಹಳೇ ರೇಶ್ಮೆ ದುಪಟ್ಟಾದ ತುಂಡು ಬಿಗಿದೆ, ಸಿಡುಬಿನ ತಗ್ಗುಗಳು ತುಂಬಿದವು. ಇಷ್ಟಾದ ಮೇಲೂ ಉಳಿದದ್ದನ್ನು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಮುಚ್ಚಿದೆ. ಆಕೆಯ ನಿಜ ಮುಖ ನೆನಪಿಸಿಕೊಳ್ಳೋಣವೆಂದರೆ, ನಾನು ಅದನ್ನು ಸರಿಯಾಗಿ ನೋಡಿದ್ದು ಕರಿ ಬಟ್ಟೆಯೊಳಗೆ, ಕ್ಯಾಮೆರಾದ ಗಾಜಿನ ಮೇಲೆ, ತಲೆಕೆಳಗಾಗಿ.

ಮನೆಯಲ್ಲಿದ್ದ ಪ್ರತಿ ಏನಾಯಿತು? ಅದನ್ನು ಯಾಕೆ ಪೊಲೀಸರಿಗೆ ಕೊಡಲಿಲ್ಲ?

ಹಾಜಿಮಲಂಗ್


ಕುಂಚಾವರಂ
29 ಜುಲೈ 1979

ಮಲಂಗ್ ಭಾಯ್,

ಪ್ರತಿ ಎಲ್ಲಿಟ್ಟೆವೋ ಸಿಗುತ್ತಿಲ್ಲ. ಆ ವಿಷಯ ಬಿಡು.

ಚಹಾದವನ ಕಣ್ಣು ಮಂಜು, ಅವನ ಮಾತು ನಂಜು. ನೀನು ಅದನ್ನು ನಂಬಿ ನನ್ನನ್ನು ಹೆದರಿಸಬೇಡ. ಚೆಂದದ ಫೋಟೋ ಇದ್ದರೆ ಜನ ನಿಂತಾದರೂ ನೋಡುತ್ತಾರೆ. ಕಲೆ ತೋರಿಸಿದ್ದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಒಂದು ಕೆಲಸ ಮಾಡು. ಮುಖ ದೊಡ್ಡದು ಮಾಡಿ ತೆಗೆ, ಗೋಡೆಯಷ್ಟು. ದೂರದಿಂದ ಕಾಣಲಿ.

ಮಹಾದೇವಮ್ಮ ದಿನಾ ಭೀಮಬಾಯಿಯ ತಾಟನ್ನು ತೊಳೆದು ಬೋರಲು ಹಾಕುತ್ತಾಳೆ. ಉಣ್ಣದ ತಾಟು ಯಾಕೆ ತೊಳೆಯುತ್ತೀ ಎಂದು ಹೆಂಡತಿಯನ್ನು ಕೇಳುವ ಧೈರ್ಯ ನನಗಿಲ್ಲ.

ಚಿಂಚೋಳಿಗೆ ಹೋಗುವ ದಾರಿಯಲ್ಲಿ ಹಳ್ಳದ ಸೇತುವೆ ಕೊಚ್ಚಿಕೊಂಡು ಹೋಗಿದೆ. ಟಪಾಲಿನವನು ಮಾತ್ರ ಸೊಂಟದ ಮಟ್ಟ ನೀರಿನಲ್ಲಿ ದಾಟುತ್ತಾನೆ. ನಿನ್ನ ಪತ್ರಗಳು ನನ್ನ ಕೈಗೆ ಒದ್ದೆಯಾಗಿಯೇ ಬರುತ್ತವೆ. ಈಜು ಬರುವುದಿಲ್ಲ ಎಂಬ ಕಾರಣಕ್ಕೆ ಮನುಷ್ಯ ಇಷ್ಟು ನಾಚಿಕೊಳ್ಳಬಹುದೆಂದು ಗೊತ್ತಿರಲಿಲ್ಲ.

ಗೊಲ್ಲಾಳಪ್ಪ


ವಾಡಿ
6 ಆಗಸ್ಟ್ 1979

ಗೊಲ್ಲಾಳಪ್ಪಾ,

ದೊಡ್ಡದು ಮಾಡಿದೆ. ದೊಡ್ಡದು ಮಾಡಿದಷ್ಟೂ ಆಕೆ ದೂರ ಹೋಗುತ್ತಾಳೆ. ರೇಶ್ಮೆಯ ಮಬ್ಬೇ ಹಿಗ್ಗುತ್ತದೆ. ಕಣ್ಣು ಎರಡು ಹೊಗೆಯ ಉಂಡೆಗಳಾದವು. ಅಂಟಿಸಲು ಮನಸ್ಸು ಬರಲಿಲ್ಲ.

ಮೊನ್ನೆ ರೋಜಾ ಹಿಡಿದೇ ಶಹಾಬಾದಿಗೆ ಹೋದೆ. ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಅಂಗಳಗಳು ನಿನಗೆ ಗೊತ್ತು. ಯಂತ್ರದ ಸಪ್ಪಳದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳದು. ಮುನ್ಷಿಯಿಂದ ಹಿಡಿದು ಕಲ್ಲು ಹೊರುವ ಹೆಂಗಸರವರೆಗೆ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಮುನ್ಷಿ ಮಶಾಕ ನನಗೆ ಪರಿಚಯದವನು. ಹೊರಗೆ ಕರೆದು ಫೋಟೋ ತೋರಿಸಿದೆ. ಅವನು ಒಂದು ಹೊಸ ಸುದ್ದಿ ಹೇಳಿದ. ಇದೇ ಫೋಟೋ ಹಿಡಿದುಕೊಂಡು ಯಾರೋ ಒಬ್ಬ ಹೆಂಗಸು ಆಗಲೇ ಅಲ್ಲಿಗೆ ಬಂದಿದ್ದಳಂತೆ. ಎಲ್ಲರಿಗೂ ತೋರಿಸಿ ಕೇಳುತ್ತಿದ್ದಳಂತೆ. ಯಾರಿಗೂ ಗುರುತು ಹತ್ತಲಿಲ್ಲವಂತೆ.

ನೀನು ಯಾರನ್ನಾದರೂ ಕಳಿಸಿದ್ದೀಯಾ? ಮಹಾದೇವಮ್ಮ ವೈನಿಯ ತವರಿನ ಕಡೆಯವರೇ? ನನಗೊಂದು ಮಾತು ಹೇಳಿದ್ದರೆ ಇಬ್ಬರೂ ಕೂಡಿಯೇ ಹುಡುಕುತ್ತಿದ್ದೆವು.

ಹಾಜಿಮಲಂಗ್


ಕುಂಚಾವರಂ
14 ಆಗಸ್ಟ್ 1979

ಮಲಂಗ್,

ನಾನು ಯಾರನ್ನೂ ಕಳಿಸಿಲ್ಲ. ಕಳಿಸಲು ನನಗಿರುವವರು ಯಾರು?

ಆ ಫೋಟೋ ಯಾರ ಹತ್ತಿರ ಇದೆ ಎಂಬುದು ನನಗೆ ಗೊತ್ತು. ಈಗ ಹೇಳಲೇಬೇಕು. ನಾವು ಗುಲ್ಬರ್ಗಾದ ದವಾಖಾನೆಗೆ ಹೋಗಿರಲಿಲ್ಲ. ಶಹಾಬಾದಿನಲ್ಲಿ ಒಬ್ಬ ವಿಧುರನಿಗೆ ಆಕೆಯನ್ನು ತೋರಿಸಲು ಹೋಗಿದ್ದೆವು. ಫೋಟೋ ಮುಂಚೆಯೇ ಟಪಾಲಿನಲ್ಲಿ ಹೋಗಿತ್ತು. ನೋಡಿ ಹೂಂ ಅಂದಿದ್ದರು. ನೀನು ಹಾಕಿದ ರೇಶ್ಮೆ ಅಲ್ಲಿಯವರೆಗೆ ಚೆನ್ನಾಗಿಯೇ ಕೆಲಸ ಮಾಡಿತು. ಭೀಮಬಾಯಿ ತಲೆಯ ಮೇಲಿನ ಸೆರಗು ಸರಿಸಿದಾಗ ಆ ಮನೆಯ ಹಿರಿಯಾಕೆ ಫೋಟೋವನ್ನೂ ಮುಖವನ್ನೂ ಒಂದು ಸಲ ನೋಡಿದಳು. ಕಿವಿ ಕೇಳದವಳೆಂದು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. ಫೋಟೋವನ್ನು ನೆಲಕ್ಕೆ ಒಗೆದಳು. ನಾನು ಅದನ್ನು ಎತ್ತಿಕೊಳ್ಳದೆ ಎದ್ದು ಬಂದೆ.

ಈಗ ಅದೇ ಫೋಟೋ ಹಿಡಿದು ಅವರ ಮನೆಯ ಹೆಂಗಸು ಊರೆಲ್ಲ ತೋರಿಸುತ್ತಿರಬೇಕು, ‘ನೋಡ್ರಿ, ಹಿಂಗ ಮೋಸ ಮಾಡಾಕತ್ತಿದ್ರು’ ಅಂತ. ನಗುವವರು ನಗಲಿ. ನೀನು ಆ ಅಂಗಳದ ಕಡೆ ಮತ್ತೆ ಹೋಗಬೇಡ. ಅಲ್ಲಿ ನಮಗೆ ಸಿಗುವುದು ಬರೀ ಅವಮಾನ.

ಬೇರೆ ಕಡೆ ಹುಡುಕು. ಸೇಡಂ ಸಂತೆ ನೋಡು. ಚಿತ್ತಾಪುರದ ಛತ್ರ ನೋಡು. ಊಟ ಬೇಡಲೂ ಬಾರದವಳು ಆಕೆ, ಮಲಂಗ್. ಬೇಡಲು ಬಾಯಿ ಬೇಕು.

ಗೊಲ್ಲಾಳಪ್ಪ


ವಾಡಿ
25 ಆಗಸ್ಟ್ 1979

ಗೊಲ್ಲಾಳಪ್ಪಾ,

ಸೇಡಂ ನೋಡಿದೆ, ಚಿತ್ತಾಪುರ ನೋಡಿದೆ. ಇಲ್ಲ.

ನೀನು ದವಾಖಾನೆಯ ಮಾತು ಮುಚ್ಚಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನೂ ಒಂದು ಮುಚ್ಚಿಟ್ಟಿದ್ದೇನೆ. ಹಬ್ಬ ಮುಗಿಯಲಿ ಎಂದು ನೆವ ಹೇಳಿಕೊಂಡೆ. ನಿನ್ನೆ ಅದೂ ಮುಗಿಯಿತು.

ಹಿಂದಿನ ಪತ್ರ ಬರೆಯುವ ಮೊದಲೇ ಇದು ನಡೆದದ್ದು. ಶಹಾಬಾದ್ ದಾರಿಯಲ್ಲಿ ಕೆಲಸ ನಿಂತ ಕಲ್ಲಿನ ಖಣಿಯೊಂದಿದೆ, ಮಳೆಗೆ ತುಂಬಿಕೊಂಡಿದೆ. ಅದರಲ್ಲಿ ಒಬ್ಬ ಹೆಂಗಸಿನ ಹೆಣ ತೇಲಿತು. ಗುರುತು ಸಿಗದ ಹೆಣ ಸಿಕ್ಕರೆ ಫೋಟೋ ತೆಗೆಯಲು ಪೊಲೀಸರು ನನ್ನನ್ನೇ ಕರೆಯುವುದು. ಹೋದೆ. ಕೆಸರಿನಲ್ಲಿ ಸ್ಟ್ಯಾಂಡು ನಿಲ್ಲಲಿಲ್ಲ. ಮೂರೂ ಕಾಲುಗಳ ಕೆಳಗೆ ಫರಸಿಯ ಚೂರು ಇಟ್ಟು, ಕ್ಯಾಮೆರಾ ಕೆಳಮುಖ ಮಾಡಿ ನಿಲ್ಲಿಸಿದೆ.

ಅಂದು ಮುಂಜಾನೆಯಷ್ಟೇ ವರನ ಕಡೆಗೆ ಕಳಿಸಲು ಒಂದು ಹುಡುಗಿಯ ಫೋಟೋ ತೆಗೆದಿದ್ದೆ. ನಾರಂಗಿ ಗಾಜು, ರೇಶ್ಮೆ ಎರಡೂ ಲೆನ್ಸಿನ ಮೇಲೆಯೇ ಇದ್ದವು. ಪೊಲೀಸರ ಫೋಟೋಕ್ಕೆ ಅವನ್ನು ತೆಗೆಯಬೇಕು. ಕಲೆ, ಗಾಯ, ಹಚ್ಚೆ ಎಲ್ಲ ಕಾಣಬೇಕು, ಅದಕ್ಕೇ ಆ ಫೋಟೋ. ಕೈ ಲೆನ್ಸಿನವರೆಗೆ ಹೋಯಿತು. ಆ ಮುಖ ನೋಡಿದೆ. ತೆಗೆಯಲಿಲ್ಲ. ಯಾರ ಮನೆಯವಳೋ, ಕೊನೆಯ ಫೋಟೋದಲ್ಲಾದರೂ ನೆಟ್ಟಗಿರಲಿ ಎನಿಸಿತು. ಆ ಹೊತ್ತಿನಲ್ಲಿ ಭೀಮಬಾಯಿ ನನ್ನ ತಲೆಯಲ್ಲೇ ಬರಲಿಲ್ಲ. ಮನೆಗೆ ಬಂದು ತೊಟ್ಟಿಯ ನೀರಿನಲ್ಲಿ ಪೇಪರು ಅಲ್ಲಾಡಿಸುವಾಗ ಮುಖ ಮೂಡಿತು. ನಾಲ್ಕು ಸ್ಟೇಷನ್ನುಗಳಲ್ಲಿ ನಾನು ಅಂಟಿಸಿದ್ದ ಅದೇ ಮುಖ.

ಮರುದಿನ ಠಾಣೆಗೆ ಓಡಿದೆ. ಮಣ್ಣು ಮಾಡಿ ಆಗಿತ್ತು. ಅವರ ಕಾಗದದಲ್ಲಿ ಹಸಿರು ಸೀರೆ, ವಯಸ್ಸು ಮೂವತ್ತರ ಸುಮಾರು ಎಂದಷ್ಟೇ ಇದೆ. ಮುಖದ ಕಲೆಗಳ ವಿಷಯ ಕೇಳಿದರೆ ಜಮಾದಾರ ನನ್ನನ್ನೇ ನೋಡಿದ: “ಫೋಟೋ ನೀವೇ ತಗದೀರಿ, ನಮಗ ಕೇಳತೀರಲ್ರಿ?”

ನೀರು ಆ ಮುಖಕ್ಕೆ ಏನು ಮಾಡಿತ್ತೋ, ಅದರ ಮೇಲೆ ನನ್ನ ರೇಶ್ಮೆಯೂ ಅದನ್ನೇ ಮಾಡಿದೆ. ನನಗೆ ಹೇಳಲಾಗುತ್ತಿಲ್ಲ. ಫೋಟೋ ಇದರ ಜೊತೆ ಇಟ್ಟಿದ್ದೇನೆ. ನೀನು ಅಣ್ಣ. ನೀನೇ ನೋಡಿ ಹೇಳು.

ಹಾಜಿಮಲಂಗ್


ಕುಂಚಾವರಂ
2 ಸೆಪ್ಟೆಂಬರ್ 1979

ಮಲಂಗ್,

ಭೀಮಬಾಯಿಯೇ.

ನೀನು ಅಂಟಿಸಲು ತೆಗೆದ ಫೋಟೋದ ಒಂದು ಪ್ರತಿ ಕಳಿಸಿದ್ದೆಯಲ್ಲ, ಅದರ ಪಕ್ಕದಲ್ಲಿ ಇಟ್ಟು ನೋಡಿದೆ. ಅದೇ ಕೆನ್ನೆ. ಅದೇ ಹಣೆ. ಹಸಿರು ಸೀರೆಯನ್ನೇ ಉಟ್ಟಿದ್ದಳು. ಇನ್ನು ಹುಡುಕಬೇಡ. ಸ್ಟೇಷನ್ನುಗಳಿಂದ ಫೋಟೋ ತೆಗೆದುಬಿಡು.

ಸಂಜೆ ದೀಪ ಹಚ್ಚಿಟ್ಟೆ. ಶಾಲೆಗೆ ರಜೆ ಕೊಟ್ಟೆ. ಕಾರಣ ಹಾಜರಿ ಪುಸ್ತಕದಲ್ಲಿ ಬರೆಯಲಿಲ್ಲ.

ಗೊಲ್ಲಾಳಪ್ಪ


ಕುಂಚಾವರಂ
5 ಸೆಪ್ಟೆಂಬರ್ 1979

ಮಲಂಗ್,

ಮೊನ್ನೆಯ ಪತ್ರ ನಿನ್ನ ಕೈ ಸೇರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಬರೆಸುತ್ತಿರುವವಳು ಮಹಾದೇವಮ್ಮ.

ನಾನು ಹಚ್ಚಿದ ದೀಪದ ಮುಂದೆ ಆಕೆ ಕೂರಲಿಲ್ಲ, ಅಳಲಿಲ್ಲ. ಗಟ್ಟಿ ಮನಸ್ಸಿನವಳು ಎಂದುಕೊಂಡೆ. ಇಂದು ಎರಡೂ ಫೋಟೋಗಳನ್ನು ಅಂಗಳದ ಬಿಸಿಲಿಗೆ ಒಯ್ದು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿದಳು. ಆಮೇಲೆ ಆಕೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

“ಈ ಫೋಟೋದಂಗ ಆ ಫೋಟೋ ಅದ. ಅಷ್ಟೇ ರೀ. ಅಕ್ಕ-ತಂಗೇರಂಗ ಅದಾವ. ಆದ್ರ ಭೀಮಬಾಯಿ ಎರಡರಾಗೂ ಇಲ್ಲ. ಮಲಂಗಣ್ಣನ ರೇಶ್ಮಿ ಬಟ್ಟಿ ಹಾಕಿ ತಗದ್ರ ನಾನೂ ಹಿಂಗ ಕಾಣತೀನಿ, ನಿಮ್ಮವ್ವನೂ ಹಿಂಗ ಕಾಣತಿದ್ಳು. ಇದರ ಮ್ಯಾಲ ಆಕಿನ ಸತ್ತಾಳ ಅಂತೀರೇನು?”

ಲೆನ್ಸಿಗೆ ರೇಶ್ಮೆ ಹಾಕದೆ ತೆಗೆದದ್ದು ಬೇಕು ಎನ್ನುತ್ತಾಳೆ. ಅಂಥದು ಎಲ್ಲಿಂದ ತರಲಿ?

ಗೊಲ್ಲಾಳಪ್ಪ


ವಾಡಿ
13 ಸೆಪ್ಟೆಂಬರ್ 1979

ಗೊಲ್ಲಾಳಪ್ಪಾ,

ಎರಡೂ ಪತ್ರ ಒಂದೇ ದಿನ ಬಂದವು. ಎರಡರಲ್ಲೂ ಒಂದೇ ಒಂದು ಪ್ರಾಸ ಇರಲಿಲ್ಲ. ಅದನ್ನು ನೋಡಿ ಹೆದರಿದೆ. ಕುಣಿ ತೋಡುವವನ ಎದುರಲ್ಲೂ ಪ್ರಾಸ ಹಾಕುವವನು ನೀನು ಎಂದು ತಿಳಿದಿದ್ದೆ.

ವೈನಿ ಹೇಳಿದ್ದು ಸರಿ. ನಾನು ಅಂಗಡಿಯಲ್ಲಿರುವ ಹೆಣ್ಣುಮಕ್ಕಳ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ವಾಡಿ, ಚಿತ್ತಾಪುರ, ಸೇಡಂ, ಯಾವ ಊರಿನವಳೇ ಇರಲಿ, ಎಲ್ಲರೂ ಒಂದೇ ತಾಯಿಯ ಮಕ್ಕಳು. ಆ ತಾಯಿ ನನ್ನ ನಾರಂಗಿ ಗಾಜು.

ಈಗ ಒಂದು ಕೆಲಸ ಮಾಡಿದ್ದೇನೆ. ಟರ್ಪೆಂಟೈನ್ ಹಚ್ಚಿ ಭೀಮಬಾಯಿಯ ನೆಗೆಟಿವ್ ಮೇಲಿನ ಪೆನ್ಸಿಲನ್ನು ತೊಳೆದೆ. ನಾನು ಹಾಕಿದ ಗೆರೆ ನಾನೇ ಅಳಿಸುವುದು ಸುಲಭ. ಗಾಜು, ರೇಶ್ಮೆ ಮಾಡಿದ್ದು ಮಾತ್ರ ಅಳಿಯದು. ಅದು ಬೆಳಕಿನ ಜೊತೆಗೇ ಒಳಗೆ ಹೋಗಿ ಕೂತಿದೆ. ಹಾಗಾಗಿ ಒರಟು ಪೇಪರಿನ ಮೇಲೆ, ಬಣ್ಣ ಕಪ್ಪಾಗುವ ಹಾಗೆ, ಒಂದು ಪ್ರತಿ ತೆಗೆದು ಕಳಿಸುತ್ತಿದ್ದೇನೆ. ಮಸಿ ತಗೊಂಡು ಅದರ ಮುಂದೆ ಕೂಡು. ಹುಬ್ಬಿನ ಗಾಯ ಎಲ್ಲಿ, ಸಿಡುಬಿನ ಕಲೆ ಎಲ್ಲೆಲ್ಲಿ, ಎಲ್ಲಾ ಗುರುತು ಹಾಕು. ಇಷ್ಟು ವರ್ಷ, ಮುಖದ ಮೇಲೆ ಇರುವ ಕಲೆ ತೆಗೆದು ಹೊಟ್ಟೆ ಹೊರೆದಿದ್ದೇನೆ. ಒಂದು ಸಲ ಕಲೆ ಹಾಕಿಸಿ ನೋಡೋಣ.

ಸ್ಟೇಷನ್ನುಗಳ ಫೋಟೋ ನಾನು ಕಿತ್ತಿಲ್ಲ.

ಹಾಜಿಮಲಂಗ್


ಕುಂಚಾವರಂ
21 ಸೆಪ್ಟೆಂಬರ್ 1979

ಮಲಂಗ್ ಭಾಯ್,

ಮಸಿ ತುಂಬಿದ ಪೆನ್ನು ಹಿಡಿದು ಕೂತೆ. ಗಾಯ ಎಡ ಹುಬ್ಬಿಗೋ ಬಲ ಹುಬ್ಬಿಗೋ, ಅಲ್ಲಿಯೇ ನಿಂತುಬಿಟ್ಟೆ. ಆಕೆ ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿ ಇದ್ದವನು ನಾನು. ಎಡ ಎಂದು ಒಂದು ಚುಕ್ಕೆ ಇಟ್ಟೆ, ಆಮೇಲೆ ಬಲ ಎನಿಸಿತು. ಮಹಾದೇವಮ್ಮ ನೋಡುತ್ತಾ ನಿಂತಿದ್ದಳು. ನನ್ನ ಕೈಯಿಂದ ಮಸಿ ಕುಡಿಕೆ ತೆಗೆದುಕೊಂಡಳು. ಪೆನ್ನು ಬೇಡವೆಂದಳು. ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತಂದಳು.

“ಎಣ್ಣಿ ಹಚ್ಚಿ ಆಕಿ ತಲಿ ಬಾಚಿದಾಕಿ ನಾ. ತಾಟು ಮುಂದ ಬಂದ್ರ ನೀವು ಆಕಿ ಕೈ ನೋಡತಿದ್ರಿ. ಮಾರಿ ಎಂದ ನೋಡೀರಿ?”

ಗಾಯ ಎಡ ಹುಬ್ಬಿಗೇ ಅಂತೆ. ಚಿಕ್ಕವಳಿದ್ದಾಗ ಒಲೆಯ ಕೊಳ್ಳಿ ತಾಕಿದ್ದು. ಎಡ ಕೆನ್ನೆಗೆ ಕಲೆ ದಟ್ಟ, ಬಲಕ್ಕೆ ವಿರಳ. ಮೂಗಿನ ಪಕ್ಕದಲ್ಲಿ ಮೂರು ಒತ್ತಾಗಿ ಒಲೆಯ ಗುಂಡುಗಳ ಹಾಗೆ. ಗದ್ದದ ಮೇಲೆ ಒಂದು. ಕಡ್ಡಿಯಿಂದ ಒಂದೊಂದೇ ಚುಕ್ಕೆ ಇಡುತ್ತಾ ಹೋದಳು. ನನ್ನ ಕಣ್ಣ ಮುಂದೆ ನನ್ನ ತಂಗಿ ಆ ಪೇಪರಿನೊಳಗಿಂದ ಎದ್ದು ಬಂದಳು. ಖಣಿಯ ಫೋಟೋ ನೋಡಿ ನನಗೆ ಅಳು ಬಂದಿರಲಿಲ್ಲ. ಈಗ ಬಂತು.

ಇನ್ನೊಂದು ಮಾತು. ಶಹಾಬಾದಿನ ಮನೆಯಲ್ಲಿ ನೆಲಕ್ಕೆ ಬಿದ್ದ ಫೋಟೋ ಏನಾಯಿತು ಎಂದು ಮಹಾದೇವಮ್ಮ ಕೇಳಿದಳು. ಅಲ್ಲೇ ಬಿಟ್ಟು ಬಂದೆ ಎಂದೆ. ಭೀಮಬಾಯಿ ನಿಮ್ಮ ಜೊತೆಗೇ ಹೊರಗೆ ಬಂದಳೇ ಎಂದಳು. ಇಲ್ಲ, ಸ್ವಲ್ಪ ತಡವಾಗಿ ಬಂದಳು, ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು ಎಂದೆ.

“ಭೀಮಬಾಯಿ ಎಂದ ಚಪ್ಪಲಿ ಹಾಕ್ಯಾಳ್ರಿ?”

ಮಲಂಗ್, ನನ್ನ ತಂಗಿ ಬರಿಗಾಲಿನವಳು. ಆಕೆ ಅಲ್ಲಿ ಬಗ್ಗಿದ್ದು ಫೋಟೋ ಎತ್ತಿಕೊಳ್ಳಲು. ವಾಡಿಯ ಬೆಂಚಿನ ಮೇಲೆ ಆಕೆಯ ಮುಖ ನೋಡಲಾಗದೆ ನಾನು ಚಹಾದ ನೆವ ಮಾಡಿ ಎದ್ದೆ. ಆಗ ಆಕೆಯ ಮಡಿಲಲ್ಲಿ ಆ ಫೋಟೋ ಇದ್ದಿರಬೇಕು.

ಶಹಾಬಾದಿನಲ್ಲಿ ಅದನ್ನು ಹಿಡಿದು ತಿರುಗುತ್ತಿದ್ದವಳು ಯಾರು? ಆ ಕಡೆ ಹೋಗಬೇಡ ಎಂದು ಬರೆದ ಈ ಕೈ ಕಡಿದುಹೋಗಲಿ. ಓಡು.

ಗೊಲ್ಲಾಳಪ್ಪ


ವಾಡಿ
30 ಸೆಪ್ಟೆಂಬರ್ 1979

ಗೊಲ್ಲಾಳಪ್ಪಾ, ವೈನಿ,

ಭೀಮಬಾಯಿ ಇದ್ದಾಳೆ. ನಮ್ಮ ಮನೆಯಲ್ಲಿದ್ದಾಳೆ. ಇಮಾಮ್ಬೀಯ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಇಷ್ಟು ಓದಿ ನೀರು ಕುಡಿದು ಮುಂದಕ್ಕೆ ಓದಿರಿ.

ಚುಕ್ಕೆಯ ಫೋಟೋ ಕೈಗೆ ಬಂದ ದಿನವೇ ಶಹಾಬಾದಿಗೆ ಹೋದೆ. ಮಶಾಕ ಅದನ್ನು ನೋಡಿದ ಕೂಡಲೇ, “ಆ ಫೋಟೋ ಹಿಡಕೊಂಡು ಹುಡುಕ್ಯಾಡೋ ಹೆಂಗಸು ಈಕಿನೇ ಅಲ್ರಿ ಭಾಯ್?” ಎಂದ. ಮಾತು ಬಾರದವಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ಸಪ್ಪಳದಲ್ಲಿ ಮಾತಾಡುವವರು ಯಾರಿದ್ದಾರೆ? ಅಂಗಳದ ಹಿಂದಿನ ಗುಡಿಸಲಿಗೆ ಕರೆದೊಯ್ದ. ಅಲ್ಲಿ ಬಷೀರಾ ಎಂಬ ಕಲ್ಲು ಹೊರುವ ಹೆಂಗಸು ಇಷ್ಟು ದಿನ ಆಕೆಯನ್ನು ಇಟ್ಟುಕೊಂಡಿದ್ದಾಳೆ. ಭೀಮಬಾಯಿ ಅಂದೇ ವಾಡಿಯಿಂದ ಶಹಾಬಾದ್ ಗಾಡಿ ಹತ್ತಿ ಅಲ್ಲಿಗೆ ತಿರುಗಿ ಬಂದಿದ್ದಳೆಂದು ಕಾಣುತ್ತದೆ. ಬಷೀರಾ ಓದಲು ಬಾರದವಳು, ಸ್ಟೇಷನ್ನಿನ ಗೋಡೆ ನೋಡಿದವಳಲ್ಲ.

ಬಷೀರಾ ಹಣೆ ಹಣೆ ಬಡಿದುಕೊಂಡಳು. “ಫೋಟೋ ತೋರಸೂದು, ಎದಿ ಮುಟ್ಟಿಕೊಳ್ಳೂದು. ನನ್ನಾಕಿ, ನನ್ನಾಕಿ ಅಂತಾಳ ಅಂತ ತಿಳದೆ. ತಂಗೀನ ಕಳಕೊಂಡಾಳ, ಪಾಪ, ಅಂತ. ಸಿಗತಾಳ ಬಿಡವ್ವ ಅಂತ ದಿನಾ ಸಮಾಧಾನ ಮಾಡಾಕತ್ತಿದ್ದೆ. ‘ನಾ’ ಅನ್ನಾಕತ್ತಾಳ ಅಂತ ಯಾರಿಗಿ ಗೊತ್ತು?”

ಗೊಲ್ಲಾಳಪ್ಪಾ, ನಾವು ಒಂದು ಫೋಟೋ ಹಿಡಿದು ಆಕೆಯನ್ನು ಹುಡುಕುತ್ತಿದ್ದಾಗ, ಆಕೆ ಅದೇ ಫೋಟೋ ಹಿಡಿದು ‘ಇದು ನಾನು’ ಎಂದು ಹೇಳುತ್ತಾ ತಿರುಗುತ್ತಿದ್ದಳು. ಒಬ್ಬರೂ ನಂಬಲಿಲ್ಲ.

ಚುಕ್ಕೆಯ ಫೋಟೋ ಕೊಟ್ಟೆ. ಬಹಳ ಹೊತ್ತು ನೋಡಿದಳು. ಬೆರಳಿಗೆ ಉಗುಳು ಹಚ್ಚಿ ಗದ್ದದ ಮೇಲಿನ ಚುಕ್ಕೆಯನ್ನು ಒರೆಸಿಬಿಟ್ಟಳು. ವೈನಿ ಒಂದು ಹೆಚ್ಚಿಗೆ ಹಾಕಿದ್ದರು ಅಂತ ಕಾಣುತ್ತದೆ. ಆಮೇಲೆ ಹಳೇ ಫೋಟೋವನ್ನು ಸೆರಗಿನ ಗಂಟಿನಿಂದ ತೆಗೆದು ನನ್ನ ಕೈಯಲ್ಲಿಟ್ಟಳು. ನನ್ನ ವಸ್ತು ನನಗೇ ತಿರುಗಿ ಕೊಟ್ಟ ಹಾಗೆ.

ಇದರ ಜೊತೆ ಹೊಸ ಫೋಟೋ ಇದೆ. ಗಾಜಿಲ್ಲ, ರೇಶ್ಮೆಯಿಲ್ಲ, ಪೆನ್ಸಿಲಿಲ್ಲ. ಗಿಡ್ಡ ಲೆನ್ಸು ಹಾಕಿ ಹತ್ತಿರ ನಿಂತು, ಪಕ್ಕದ ಬೆಳಕಿನಲ್ಲಿ ತೆಗೆದೆ. ಮೂಗು ತುಸು ದಪ್ಪ ಕಾಣುತ್ತದೆ. ಅದು ಲೆನ್ಸಿನ ತಪ್ಪು, ಆಕೆಯದಲ್ಲ.

ಒಂದು ಮಾತು ಮುಚ್ಚಿಡಲಾರೆ. ಮುಚ್ಚಿಟ್ಟದ್ದು ಸಾಕಾಗಿದೆ. ನಿನ್ನ ಹೆಸರು ಹೇಳಿ, ಅಂದರೆ ನಿನ್ನ ಹಾಗೆ ಕನ್ನಡಕ ಏರಿಸಿ ತೋರಿಸಿ, ಊರಿಗೆ ಹೋಗೋಣವೇ ಎಂದು ಸನ್ನೆ ಮಾಡಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಸರಿಸಿ, ಇಲ್ಲ ಎಂದು ಕೈಯಾಡಿಸಿದಳು. ಇಮಾಮ್ಬೀಗೆ ಅರ್ಥವಾಯಿತು. ಮತ್ತೊಬ್ಬ ವರನ ಮುಂದೆ ಕೂರುವುದಿಲ್ಲ ಎನ್ನುತ್ತಾಳೆ. ದಿನಾ ಮುಂಜಾನೆ ಶಹಾಬಾದ್ ಗಾಡಿಯ ಕಡೆ ಬೆರಳು ಮಾಡುತ್ತಾಳೆ. ಅಲ್ಲಿ ಎಲ್ಲರೂ ಆಕೆಯ ಭಾಷೆಯನ್ನೇ ಆಡುತ್ತಾರಲ್ಲ.

ಖಣಿಯ ಹೆಂಗಸಿನ ನೆಗೆಟಿವ್ ನನ್ನ ಹತ್ತಿರವೇ ಉಳಿದಿದೆ. ಅದರ ಮೇಲೆ ಚುಕ್ಕೆ ಇಡುವವರು ಯಾರು? ಡಬ್ಬಿ ಮುಚ್ಚಿದರೂ ಮುಚ್ಚಿದ ಹಾಗಾಗುತ್ತಿಲ್ಲ.

ಹಾಜಿಮಲಂಗ್


ಕುಂಚಾವರಂ
7 ಅಕ್ಟೋಬರ್ 1979

ಮಲಂಗ್ ಭಾಯ್,

ಮೊದಲ ಪತ್ರದಲ್ಲಿ ಬಿಟ್ಟ ಖಾಲಿ ಜಾಗದಲ್ಲಿ ನೀನೇ ಕ್ಷೇಮ ಎಂದು ಬರೆದುಕೋ.

ಹಳ್ಳ ಇಳಿದಿದೆ. ಬುಧವಾರ ಮಹಾದೇವಮ್ಮನೂ ನಾನೂ ಹೊರಡುತ್ತೇವೆ. ತಂಗಿಯ ತಾಟನ್ನು ಮಹಾದೇವಮ್ಮ ಚೀಲದಲ್ಲಿ ಹಾಕಿಕೊಂಡಿದ್ದಾಳೆ. ಭೀಮಬಾಯಿ ಎಲ್ಲಿರುತ್ತಾಳೋ ತಾಟು ಅಲ್ಲಿರುತ್ತದಂತೆ, ಶಹಾಬಾದಾದರೆ ಶಹಾಬಾದು. ನಾನು ಕರೆದುಕೊಂಡು ಬರಲು ಬರುತ್ತಿಲ್ಲ. ನೋಡಲು ಬರುತ್ತಿದ್ದೇನೆ. ಎದುರಿಗೆ ಕೂತು, ಬೆಳಕಿನಲ್ಲಿ. ನಿನ್ನ ಹೊಸ ಫೋಟೋ ಗೋಡೆಗೆ ತೂಗಿದ್ದೇನೆ. ಎಡ ಹುಬ್ಬು ಎಂದು ಈಗ ಕಣ್ಣು ಮುಚ್ಚಿ ಹೇಳಬಲ್ಲೆ.

ಖಣಿಯ ಆ ಹೆಂಗಸಿನ ವಿಷಯ. ಆಕೆಯನ್ನು ನನ್ನ ತಂಗಿ ಎಂದು ಮೂರು ದಿನ ಒಪ್ಪಿಕೊಂಡವನು ನಾನು. ಆಕೆಯ ಹೆಸರಿನಲ್ಲಿ ಈ ಮನೆಯಲ್ಲಿ ಒಂದು ದೀಪ ಉರಿದಿದೆ. ಹಾಗೆ ಬಿಡಲಾಗದು. ಎಲ್ಲೋ ಒಂದು ಮನೆಯಲ್ಲಿ ಇನ್ನೂ ಒಂದು ತಾಟು ಬೋರಲಾಗಿರಬೇಕು. ಭೀಮಬಾಯಿಯ ಫೋಟೋಗಳನ್ನು ಕಿತ್ತು, ಅದೇ ಜಾಗಗಳಲ್ಲಿ ಖಣಿಯ ಆಕೆಯದನ್ನು ಅಂಟಿಸು. ಕೆಳಗೆ ಬರೆಸಲು ನಾಲ್ಕು ಸಾಲು ಕೊಡುತ್ತಿದ್ದೇನೆ. ಪ್ರಾಸ ಹಾಕಿಲ್ಲ. ಅಕ್ಷರ ದಪ್ಪಗಿರಲಿ:

‘ಈ ಹೆಂಗಸು ಇಷ್ಟು ಬೆಳ್ಳಗಿರಲಿಲ್ಲ.
ಮುಖದ ಮೇಲೆ ಕಲೆಗಳಿರಬಹುದು, ಫೋಟೋದಲ್ಲಿ ಕಾಣುವುದಿಲ್ಲ.
ಇದನ್ನು ನೋಡಿ ಇಲ್ಲ ಅನ್ನಬೇಡಿರಿ.
ನಿಮ್ಮ ಮನೆಯಾಕೆಯ ಮುಖವನ್ನು ಒಂದು ಸಲ ನೆನೆದು, ಆಮೇಲೆ ನೋಡಿರಿ.’

ಗೊಲ್ಲಾಳಪ್ಪ